ಹೊಗೆ ಕುಡಿಯದ ಬಿದಿರು

ನಮ್ಮ ಮನೆಯಲ್ಲಿ ಕೂರುವುದಕ್ಕೆಂದೇ ಮಾಡಿದ ವಸ್ತು ಒಂದೂ ಇರಲಿಲ್ಲ. ನಾವು ಬುಟ್ಟಿ ಹೆಣೆಯುವವರು. ನೆಲದ ಮೇಲೆ ಕೂತು, ಬಿದಿರಿನ ಸೀಳನ್ನು ಕಾಲಿನ ಹೆಬ್ಬೆರಳಲ್ಲಿ ಅದುಮಿ ಹಿಡಿದು ಕೆಲಸ ಮಾಡುವವರಿಗೆ ಕುರ್ಚಿ, ಬೆಂಚು ಎಲ್ಲ ಅಡ್ಡಿಯೇ. ಊಟವೂ ನೆಲದ ಮೇಲೆ, ನೆಂಟರು ಬಂದರೂ ನೆಲದ ಮೇಲೆ. ಅಡಿಕೆ ಕೊಯ್ಲಿಗೆ ಮುಂಚೆ ಮಂಚಿಕೇರಿ, ತ್ಯಾಗಲಿ ಕಡೆಯಿಂದ ಬುಟ್ಟಿಗೆ ಬರುವ ತೋಟದವರು ಅಂಗಳದಲ್ಲಿ ನಿಂತೇ ಮಾತಾಡಿ ನಿಂತೇ ಹೋಗುತ್ತಿದ್ದರು. ಅವರಿಗೆ ಕೂರಲು ಏನಾದರೂ ಕೊಡಬೇಕು ಅಂತ ನಮಗೂ ಹೊಳೆದಿರಲಿಲ್ಲ. ಹಾಗಾಗಿ ನಡುವಯಸ್ಸಿನಲ್ಲಿ ನಾನು ಮೊದಲ ಬಾರಿಗೆ ಒಂದು ಬೆಂಚು ಮಾಡಲು ಕೂತಾಗ ಹೀಗೆ ಮಾಡು ಅಂತ ತೋರಿಸಲು ಯಾರೂ ಇರಲಿಲ್ಲ. ಬುಟ್ಟಿ ಮಾಡುವ ಹಾಗೆ ಅದನ್ನು ಮಾಡಿದೆ. ತಪ್ಪು ಅಲ್ಲಿಂದಲೇ ಶುರುವಾಯಿತು. ಆದರೆ ನಾನು ಹೇಳಬೇಕಾದದ್ದು ಆ ತಪ್ಪಿನ ವಿಷಯ ಅಲ್ಲ. ತಪ್ಪು ಗೊತ್ತಾದ ಮೇಲೆ ನಾನು ಮಾಡಿದ್ದರ ವಿಷಯ.

ನಮ್ಮ ಮನೆ ದಾಸನಕೊಪ್ಪದಿಂದ ಸ್ವಲ್ಪ ಆಚೆ, ಬನವಾಸಿಗೆ ಹೋಗುವ ರಸ್ತೆಗೆ ತಾಗಿಕೊಂಡು ಇತ್ತು. ಎರಡೇ ಕೋಣೆ, ಹೆಂಚಿನ ಮಾಡು, ಎದುರಿಗೆ ಅಂಗಳ. ಒಳಗಿನ ಕೋಣೆಯಲ್ಲಿ ಒಲೆ. ಒಲೆಯ ಮೇಲೆ ಬಿದಿರು ತಡಿಕೆಯ ಅಟ್ಟ. ಹೆಣೆದ ಬುಟ್ಟಿ, ಮೊರಗಳನ್ನು ಮಾರುವ ಮೊದಲು ಆ ಅಟ್ಟದ ಮೇಲೆ ಒಟ್ಟಿ ಕೆಲವು ದಿನ ಬಿಡುತ್ತಿದ್ದೆವು. ಅದಕ್ಕೆ ನಮ್ಮಲ್ಲಿ 'ಹೊಗೆ ಕುಡಿಸುವುದು' ಅನ್ನುತ್ತಾರೆ. ಹಸಿ ಬಿದಿರಿನಲ್ಲಿ ಸಿಹಿ ಇರುತ್ತದೆ, ಅದನ್ನು ತಿನ್ನಲು ಕುಟ್ಟೆ ಹುಳ ಬರುತ್ತದೆ. ಹೊಗೆ ಕುಡಿದ ಬಿದಿರಿಗೆ ಅದು ಬಾಯಿ ಹಾಕುವುದಿಲ್ಲ. ಅವ್ವ ಹೆಣೆದ ಒಂದು ಮೊರ ಈಗಲೂ ನಮ್ಮಲ್ಲಿದೆ. ಇದ್ದಿಲಿನಷ್ಟು ಕಪ್ಪಾಗಿದೆ, ಒಂದು ತೂತಿಲ್ಲ. ಕೊಂಡವರ ಮನೆಯಲ್ಲೂ ಬುಟ್ಟಿ ಅಡಿಗೆಮನೆಯ ಮೂಲೆಯಲ್ಲೋ ಬಚ್ಚಲೊಲೆಯ ಹತ್ತಿರವೋ ಇರುತ್ತಿತ್ತು. ಎಲ್ಲಿ ಹೋದರೂ ಅದಕ್ಕೆ ಹೊಗೆ ಸಿಗುತ್ತಿತ್ತು. ಹೀಗಾಗಿ ನಮ್ಮ ಕೆಲಸದಲ್ಲಿ ಹಸಿ ಬಿದಿರೇ ಒಳ್ಳೆಯ ಬಿದಿರು. ಸೀಳಲು ಸಲೀಸು, ಬಗ್ಗಿಸಲು ಸಲೀಸು. ಮಿಕ್ಕದ್ದನ್ನು ಹೊಗೆ ನೋಡಿಕೊಳ್ಳುತ್ತದೆ.

ಆ ಹೊಗೆ ನನ್ನ ಅಕ್ಕನ ಎದೆಗೂ ಹೋಯಿತು. ಅವ್ವ ಸತ್ತಾಗ ನಾನು ಕೈಗೂಸು. ಅಕ್ಕ ನನ್ನನ್ನು ಸೀರೆಯ ತುಂಡಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ಒಲೆಯ ಮುಂದೆ ಕೂತು ಹೆಣೆಯುತ್ತಿದ್ದಳಂತೆ. ನನಗೆ ನೆನಪಿರುವುದು ಸ್ವಲ್ಪ ದೊಡ್ಡವನಾದ ಮೇಲಿನದು. ಬುಟ್ಟಿಯ ಅಂಚು ಕಟ್ಟುವಾಗ ಕೈ ಸ್ವಲ್ಪ ಹೆಚ್ಚು ಕಮ್ಮಿಯಾದರೂ ಸುತ್ತು ಬಿಚ್ಚಿಕೊಳ್ಳುತ್ತದೆ. ನಾನು ಹಿಂದಿನಿಂದ ಅವಳ ಕುತ್ತಿಗೆಗೆ ಜೋತುಬಿದ್ದಾಗ "ಅಲ್ಲಾಡಬ್ಯಾಡೋ, ಅಂಚು ತಪ್ತೈತಿ" ಅನ್ನುತ್ತಿದ್ದಳು. ಬೈಯುತ್ತಿರಲಿಲ್ಲ, ಇಳಿಸುತ್ತಲೂ ಇರಲಿಲ್ಲ. ಮೂರನೇ ಇಯತ್ತೆಗೆ ನಾನು ಶಾಲೆ ಬಿಟ್ಟಾಗ ಮಾತ್ರ ಕೈಯಲ್ಲಿದ್ದ ಸೀಳಿನಿಂದಲೇ ಎರಡು ಬಾರಿಸಿ, ಆಮೇಲೆ ತಾನೇ ಅತ್ತಳು. ಅವಳ ಮದುವೆಯ ಮಾತು ಒಂದೆರಡು ಕಡೆಯಿಂದ ಬಂದು ನಿಂತುಹೋಯಿತು. ದಮ್ಮು ಇರುವ ಹುಡುಗಿ ಅಂತ ಸುದ್ದಿಯಾಗಿತ್ತು. ನನ್ನ ಮದುವೆಯಾಯಿತು, ಮಕ್ಕಳಾದವು, ಅಕ್ಕ ನಮ್ಮೊಂದಿಗೇ ಉಳಿದಳು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವಳಿಗೆ ಒಲೆ ಉರಿಯುವ ಮನೆಯೊಳಗೆ ಕೂರಲು ಆಗದಂತಾಯಿತು. ಶಿರಸಿಯ ಡಾಕ್ಟರು ಎಷ್ಟೋ ವರ್ಷಗಳ ಹಿಂದೆಯೇ ಮಾತ್ರೆ ಕೊಟ್ಟು, ಹೊಗೆಯಿಂದ ದೂರ ಇರಿ ಅಂದಿದ್ದರು. ಬುಟ್ಟಿ ಹೆಣೆಯುವ ಮನೆಯಲ್ಲಿ ಹೊಗೆಯಿಂದ ದೂರ ಅಂದರೆ ಎಲ್ಲಿ? ಅಂಗಳದಲ್ಲಿ ಚಾಪೆ ಹಾಸಿ ಕೂತರೆ ನೆಲದಿಂದ ಏಳಲು ಆಗುತ್ತಿರಲಿಲ್ಲ, ಎದ್ದರೆ ಉಸಿರು ಕಟ್ಟುತ್ತಿತ್ತು.

"ಹೊರಗ ಕೂಡಾಕ ಏನರೆ ಮಾಡಿಕೊಡೋ ತಮ್ಮಾ" ಅಂದಳು ಒಂದು ದಿನ. "ಬೆನ್ನಿಗೆ ಆಸರ ಇರದಿದ್ರೂ ನಡೀತೈತಿ. ನನಗ ಎದಿಗೆ ಆಸರ ಬೇಕು."

ನನಗೆ ಅರ್ಥವಾಗಲಿಲ್ಲ. ಅವಳು ಎದ್ದು ಕಿಟಕಿಯ ಕಟ್ಟೆಗೆ ಎರಡೂ ಮೊಣಕೈ ಊರಿ, ಮುಂದಕ್ಕೆ ಬಾಗಿ, ಭುಜ ಮೇಲೆತ್ತಿ ತೋರಿಸಿದಳು. ಹಾಗೆ ಬಾಗಿದಾಗ ಮಾತ್ರ ಅವಳ ಉಸಿರು ಪೂರ್ತಿ ಒಳಗೆ ಹೋಗುತ್ತಿತ್ತು. ಅಷ್ಟು ವರ್ಷ ಅವಳನ್ನು ನೋಡುತ್ತಿದ್ದ ನನಗೆ ಅದು ಗೊತ್ತಿರಲಿಲ್ಲ.

ಅರಣ್ಯ ಇಲಾಖೆಯ ಡಿಪೋದಿಂದ ಆಗಷ್ಟೇ ಬಿದಿರು ಬಂದಿತ್ತು, ಹಸಿರು ಮಾಸದ ಗಳಗಳು. ಅಕ್ಕ ಒಂದೊಂದನ್ನೇ ಬೆರಳ ಗೆಣ್ಣಿನಿಂದ ಬಡಿದು ನೋಡಿ ದಪ್ಪನೆಯವನ್ನು ಬೇರೆ ಮಾಡಿದಳು. ಬಿದಿರು ಎಲ್ಲಿ ಕಂಡರೂ ಬಡಿದು ನೋಡುವುದು ಅವಳ ರೂಢಿ. ಬೇರೆಯವರ ಮನೆಯ ಏಣಿಯನ್ನೂ ಬಿಡುತ್ತಿರಲಿಲ್ಲ.

"ಇವನ್ನ ಕೆರಿಗೆ ಹಾಕು. ಒಂದ್ ತಿಂಗಳ ನೆನೀಲಿ, ಸಿಹಿ ನೀರಿಗೆ ಇಳೀತೈತಿ. ಅಪ್ಪ ಮಾಡಿನ ಗಳಕ್ಕ ಹಂಗ ಮಾಡ್ತಿದ್ದ."

"ಒಂದ್ ತಿಂಗಳ ನೀ ತಡಕೋತಿಯೇನ?"

"ಇಷ್ಟ್ ದಿನಾ ತಡಕೊಂಡಿಲ್ಲೇನ? ಹೊರಗ ಇರೂದಕ್ಕ ಹೊಗಿ ಯಾರ್ ಕುಡಸ್ತಾರೋ?"

"ನೆನೆ ಹಾಕಿದ್ದು ಬಗ್ಗೂದಿಲ್ಲಬೇ ಅಕ್ಕಾ. ಹಸೀದ ಚಲೋ ಆಗ್ತೈತಿ."

ಅವಳ ಉಸಿರಿನ ಚಿಂತೆಯಿಂದ ಅವಸರ ಮಾಡಿದೆ ಅಂತ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಅವಳು ಒಳಗೆ ಕೂತು ಕೆಮ್ಮುವುದನ್ನು ಕೇಳಿ ಕೇಳಿ ನನಗೆ ಸಾಕಾಗಿತ್ತು. ಆ ಸದ್ದು ಹೊರಗೆ ಹೋದರೆ ಸಾಕು ಅನಿಸಿತ್ತು. ಒಂದು ತಿಂಗಳು ಕಾಯುವ ತಾಳ್ಮೆ ಅವಳಿಗಿತ್ತು, ನನಗಿರಲಿಲ್ಲ.

ಬೆಂಚು ಮಾತ್ರ ಚಂದ ಬಂತು. ದಪ್ಪ ಬಿದಿರಿನ ನಾಲ್ಕು ಕಾಲು ನಿಲ್ಲಿಸಿ, ಅವುಗಳಲ್ಲಿ ತೂತು ಕೊರೆದು ಅಡ್ಡಗಳ ಹಾಯಿಸಿದೆ. ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಕೂರುವ ಜಾಗಕ್ಕೆ ಸೀಳುಗಳನ್ನು ಚಾಪೆಯ ಹಾಗೆ ಹೆಣೆದೆ. ಬೆನ್ನ ಹಿಂದೆ ಸ್ವಲ್ಪ ಒರಗುವಷ್ಟು ತಡಿಕೆ. ಎದುರಿಗೆ ಎದೆಯ ಎತ್ತರಕ್ಕೆ, ಎರಡು ಗೂಟಗಳ ಮೇಲೆ ಒಂದು ಅಡ್ಡಬಿದಿರು. ಅವಳು ಮೊಣಕೈ ಊರುವ ಜಾಗಕ್ಕೆ ಹಳೆಯ ಸೀರೆ ಸುತ್ತಿ, ಮೇಲೆ ಬೆತ್ತ ಬಿಗಿದೆ. ಮುಂಗೈ ಚರ್ಮ ಸುಲಿದಿತ್ತು, ಆದರೂ ಖುಷಿಯಾಗಿತ್ತು. ಅಕ್ಕ ಕೂತಳು, ಬಾಗಿದಳು, ಮೊಣಕೈ ಊರಿ ಕಣ್ಣು ಮುಚ್ಚಿದಳು. ಆಮೇಲೆ ಬೆಂಚಿನ ಕಾಲನ್ನೂ ಅಡ್ಡಬಿದಿರನ್ನೂ ಗೆಣ್ಣಿನಿಂದ ಬಡಿದು ನೋಡಿದಳು. ಟಣ್ ಟಣ್ ಅಂತ ತುಂಬಿದ ಸದ್ದು ಬಂತು.

"ಗಟ್ಟಿ ಐತಿ" ಅಂದಳು.

ನಮ್ಮ ಬುಟ್ಟಿಗಳನ್ನು ಟೆಂಪೋದಲ್ಲಿ ಒಯ್ಯುತ್ತಿದ್ದ ಶಿರಸಿಯ ಚಾಚಾ ಅದನ್ನು ಮೊದಲ ಸಲ ನೋಡಿದಾಗ ಗಾಡಿ ನಿಲ್ಲಿಸಿ ಇಳಿಯದೆ ನಕ್ಕ. "ಅರೇ ಬಹೆನ್, ಇದು ಬಸ್ಸಿನ ಸೀಟಲ್ವಾ! ಮುಂದೆ ಕಂಬಿ ಬೇರೆ ಹಾಕ್ಸಿದೀರಿ. ಎಲ್ಲಿಗೆ ಹೊರಟ್ರಿ?"

"ಬನವಾಸಿಗೆ" ಅಂದಳು ಅಕ್ಕ. "ನಿನ್ನ ಗಾಡಿಗಿಂತ ಮುಂಚೆ ಮುಟ್ತೈತಿ. ಟಿಕೆಟ್ ತಗೊಂಡು ಹತ್ತು."

"ಕಂಡಕ್ಟರ್ ಯಾರು?"

"ನನ್ನ ತಮ್ಮ. ಚಿಲ್ಲರ ಕೊಡಂಗಿಲ್ಲ ಅವ, ನೋಡ್ಕೋ."

ಅಂದಿನಿಂದ ಅದಕ್ಕೆ ಬಸ್ಸು ಅಂತಲೇ ಹೆಸರಾಯಿತು. ಅಕ್ಕ ಎಲ್ಲಿ ಅಂದರೆ ಮಕ್ಕಳು "ಬಸ್ಸಿನ್ಯಾಗ" ಅನ್ನುತ್ತಿದ್ದರು. ಆ ಚಳಿಗಾಲ ಅವಳು ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಕೂತು, ನಾನು ಹೆಣೆದ ಬುಟ್ಟಿಗಳಿಗೆ ಅಂಚು ಕಟ್ಟಿದಳು. ರಸ್ತೆಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸಿದಳು. ಮುಖಕ್ಕೆ ಸ್ವಲ್ಪ ಬಣ್ಣ ಬಂತು. ಮಾತ್ರೆಯನ್ನು ಮಾತ್ರ ಬಿಡುವಂತಿರಲಿಲ್ಲ. ನನ್ನನ್ನು ಯಾರಾದರೂ ಹೊಗಳಿದ್ದು ನನಗೆ ನೆನಪಿರುವುದು ಆ ಒಂದು ವರ್ಷದಲ್ಲಿ ಮಾತ್ರ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಬೆಂಚಿನ ಹಿಂಗಾಲಿನ ಬುಡದಲ್ಲಿ ಒಂದು ಚಿಟಿಕೆ ಹಿಟ್ಟು ಕಂಡಿತು. ಹಳದಿ ಬಿಳುಪು, ಜೋಳದ ಹಿಟ್ಟಿನಷ್ಟು ನುಣ್ಣಗೆ. ಕುಟ್ಟೆ ಹುಳ ಒಳಗೆ ಕೂತು ತಿಂದು ಹೊರಗೆ ತಳ್ಳಿದ್ದು. ಅದನ್ನು ಗುರುತಿಸಲು ನನಗೆ ಎರಡನೇ ಸಲ ನೋಡುವುದು ಬೇಕಾಗಲಿಲ್ಲ. ಅಕ್ಕ ಇನ್ನೂ ಒಳಗೆ ಇದ್ದಳು. ನಾನು ಕಾಲಿನಿಂದ ಆ ಹಿಟ್ಟನ್ನು ಮಣ್ಣಿಗೆ ಬೆರೆಸಿಬಿಟ್ಟೆ.

ಅಷ್ಟೇ ಮಾಡಿದ್ದು. ಅವತ್ತು ಅದು ತಪ್ಪು ಅಂತ ಅನಿಸಲೂ ಇಲ್ಲ. ಮಾರನೇ ದಿನ ಮತ್ತೆ ಇತ್ತು, ಎರಡು ಕಡೆ. ಪೊರಕೆ ತಂದು ಗುಡಿಸಿದೆ. ಆಮೇಲೆ ದಿನಾ ಅವಳು ಹೊರಗೆ ಬರುವ ಮೊದಲು ನಾನು ಅಂಗಳಕ್ಕೆ ಇಳಿದು ಬೆಂಚಿನ ಕೆಳಗೆ ಗುಡಿಸತೊಡಗಿದೆ. ಬೆಂಚಿನ ಕೆಳಗಷ್ಟೇ ಗುಡಿಸಿದರೆ ಗೊತ್ತಾಗುತ್ತದೆ ಅಂತ ಇಡೀ ಅಂಗಳ ಗುಡಿಸಿದೆ.

"ಏನ್ರೀ, ಗಂಡಸರಾಗಿ ಅಂಗಳ ಹೊಡಿಯೂದು ಯಾವಾಗ ಕಲ್ತ್ರಿ?" ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು. "ಅಕ್ಕಾರ, ನೋಡಬರ್ರಿ ನಿಮ್ಮ ತಮ್ಮನ ಅವತಾರ!"

ಒಳಗಿನಿಂದ ಅಕ್ಕನ ದನಿ ಬಂತು. "ಗುಡಿಸಲಿ ಬಿಡವಾ. ಈಗರೆ ಬುದ್ಧಿ ಬಂತಲ್ಲ."

ನಾನೂ ನಕ್ಕೆ.

ಬಿಸಿಲು ಏರಿದಂತೆ ಹುಳದ ಸದ್ದು ಕೇಳಿಸತೊಡಗಿತು. ಸುತ್ತ ನಿಶ್ಶಬ್ದವಾಗಿದ್ದಾಗ ಬೆಂಚಿಗೆ ಕಿವಿ ಕೊಟ್ಟರೆ ಒಳಗೆ ಕರಕರ ಅನ್ನುತ್ತಿತ್ತು. ಅಕ್ಕನಿಗೆ ಕಿವಿ ಕೊಡುವುದೇ ಬೇಕಿರಲಿಲ್ಲ, ಅವಳು ದಿನವಿಡೀ ಅದರ ಮೇಲೇ ಕೂರುತ್ತಿದ್ದಳು.

"ತಮ್ಮಾ, ಒಳಗ ಏನೋ ಕರಕರ ಅಂತೈತಿ."

"ಬಿಸಲಿಗೆ ಬಿದಿರು ಬಿಗೀತೈತಿಬೇ ಅಕ್ಕಾ" ಅಂದೆ.

ಜೀವಮಾನವಿಡೀ ಬಿದಿರು ಸೀಳಿದವಳಿಗೆ ನಾನು ಹೇಳಿದ ಮಾತು ಇದು. ಅವಳು ನನ್ನ ಮುಖ ನೋಡಿದಳು. "ಹೂಂ, ಬಿಗೀತೈತಿ" ಅಂದಳು. ಕೈಯಲ್ಲಿದ್ದ ಬುಟ್ಟಿಯ ಅಂಚಿಗೆ ಬಗ್ಗಿದಳು.

ಯಾಕೆ ಹೇಳಲಿಲ್ಲ ಅಂದರೆ, ಮೊದಲು ನಾಚಿಕೆ. ಅವಳು ಕೆರೆಗೆ ಹಾಕು ಅಂದಿದ್ದಳು, ನಾನು ಕೇಳಿರಲಿಲ್ಲ. ಆಮೇಲೆ ಇನ್ನೊಂದು ಕಾರಣ ಸೇರಿತು. ಆ ಹೊತ್ತಿಗೆ ಪೇಟೆಯಲ್ಲಿ ಪ್ಲಾಸ್ಟಿಕ್ ಬುಟ್ಟಿ ಬಂದು, ತೋಟದವರು ನಮ್ಮ ಕಡೆ ಬರುವುದು ಕಮ್ಮಿಯಾಗಿತ್ತು. ಬನವಾಸಿ ರಸ್ತೆಯಲ್ಲಿ ಕಾರಿನಲ್ಲಿ ಹೋಗುತ್ತಿದ್ದ ಶಿರಸಿಯ ಒಬ್ಬರು ಅಮ್ಮನವರು ನಮ್ಮ ಬೆಂಚು ನೋಡಿ ಕಾರು ನಿಲ್ಲಿಸಿದರು. ಅವರ ಹೊಸ ಮನೆಯ ಎದುರು ಹೂವಿನ ತೋಟವಿತ್ತು. ಅಲ್ಲಿ ಕೂರಲು ಒಂದು ಬೆಂಚು, ಎರಡು ಕುರ್ಚಿ ಬೇಕಂತೆ.

"ಚೊಲೋ ಮಾಡಿದ್ಯಲೋ ಮಾರಾಯಾ" ಅಂದರು. ಅಕ್ಕನ ಪಕ್ಕದಲ್ಲೇ ಕೂತು ನೋಡಿದರು. ಕೊಳ್ಳಲು ಬಂದವರಲ್ಲಿ ನಮ್ಮ ಅಂಗಳದಲ್ಲಿ ಕೂತ ಮೊದಲನೆಯವರು ಅವರೇ ಇರಬೇಕು. "ಎಂತಾ, ಬಾಳಿಕೆ ಬರ್ತದಾ ಇದು? ಹುಳ ಗಿಳ ಹಿಡಿಯದಿಲ್ವಾ?"

ಬೆಳಿಗ್ಗೆ ಗುಡಿಸಿದ್ದು ಸರಿಯಾಗಿ ಹೋಗಿದೆಯೋ ಇಲ್ಲವೋ ಅಂತ ನನ್ನ ಕಣ್ಣು ಅವರ ಕಾಲ ಹತ್ತಿರ ಹೋಯಿತು. ನಾನು ಉತ್ತರ ಹುಡುಕುವ ಮೊದಲೇ ಅಕ್ಕ ಮಾತಾಡಿದಳು.

"ಎಲ್ಲೀ ಹುಳಾರೀ ಅಮ್ಮಾ. ನಮ್ಮ ತಮ್ಮ ಮಾಡಿದ್ದು. ನಾನ ಕುಂತೀನಲ್ರೀ ದಿನಾ."

ಅವರು ಮಾಡಿಕೊಡಲು ಹೇಳಿ ಹೋದರು. ಅಕ್ಕ ಕಾರು ಮರೆಯಾಗುವವರೆಗೆ ರಸ್ತೆ ನೋಡುತ್ತಿದ್ದಳು. "ಅವರದನ್ನ ಚಲೋ ಮಾಡು" ಅಂದಳು, ಅಷ್ಟೇ.

ಚಲೋ ಮಾಡಿದೆ. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಶಿರಸಿಯ ಅಮ್ಮನವರ ಬೆಂಚಿನ ಬಿದಿರನ್ನು ನಾನು ಕೆರೆಗೆ ಹಾಕಿದೆ. ಗಳಗಳನ್ನು ಹೆಗಲ ಮೇಲೆ ಹೊತ್ತು, ಅಕ್ಕ ಕೂತಿದ್ದ ಬೆಂಚಿನ ಮುಂದಿನಿಂದಲೇ ನಡೆದು ಹೋದೆ. ಬೇರೆ ದಾರಿ ಇರಲಿಲ್ಲ.

"ಕೆರಿಗೇನ?" ಅಂದಳು.

"ಹೂಂ."

"ಕಲ್ಲು ಹೇರು. ಇಲ್ಲಂದ್ರ ತೇಲ್ತಾವ."

ಕಲ್ಲು ಹೇರಿದೆ. ಅವು ನೆನೆಯುತ್ತಿದ್ದಷ್ಟು ದಿನ ಅಕ್ಕನ ಬೆಂಚಿನ ಕೆಳಗೆ ಹಿಟ್ಟು ಬೀಳುತ್ತಲೇ ಇತ್ತು. ಕಾಲುಗಳನ್ನಾದರೂ ಬದಲಿಸಬಹುದಿತ್ತು. ಆದರೆ ಬಿಚ್ಚಬೇಕಿತ್ತು, ಬಿಚ್ಚಿದರೆ ರಸ್ತೆಯಲ್ಲಿ ಹೋಗುವವರು ಯಾಕೆ ಅನ್ನುತ್ತಿದ್ದರು, ಆ ಮಾತು ಶಿರಸಿಗೆ ಮುಟ್ಟುತ್ತಿತ್ತು. ಅಮ್ಮನವರ ಕೆಲಸ ಮುಗಿಯಲಿ, ಉಳಿದ ನೆನೆದ ಬಿದಿರಿನಲ್ಲಿ ಅಕ್ಕನಿಗೆ ಹೊಸದನ್ನೇ ಮಾಡಿಬಿಡುತ್ತೇನೆ ಅಂತ ದಿನಾ ಬೆಳಿಗ್ಗೆ ಪೊರಕೆ ಹಿಡಿದಾಗ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಾಗ ಸಮಾಧಾನವಾಗುತ್ತಿತ್ತು. ಮಾಡಿಬಿಟ್ಟಷ್ಟೇ ಸಮಾಧಾನ.

ಮಳೆಗಾಲಕ್ಕೆ ಇನ್ನೂ ಸ್ವಲ್ಪ ದಿನ ಇತ್ತು. ಹೊಸ ಬೆಂಚು, ಕುರ್ಚಿಗಳನ್ನು ಚಾಚಾನ ಟೆಂಪೋಗೆ ಏರಿಸುತ್ತಿದ್ದೆವು. ಅಕ್ಕ ತನ್ನ ಬಸ್ಸಿನಲ್ಲಿ ಕೂತು ಹಗ್ಗ ಎಲ್ಲಿ ಬಿಗಿಯಬೇಕು ಅಂತ ಹೇಳುತ್ತಿದ್ದಳು. ನಡುವೆ ಕೆಮ್ಮು ಬಂತು. ಮೊಣಕೈ ಊರಿ, ಮುಂದಕ್ಕೆ ಬಾಗಿ, ಇಡೀ ಮೈ ಭಾರವನ್ನು ಅಡ್ಡಬಿದಿರಿನ ಮೇಲೆ ಹಾಕಿ ಕೆಮ್ಮಿದಳು. ಹಪ್ಪಳ ಮುರಿದಷ್ಟೇ ಸದ್ದಾಯಿತು. ನಾನು ತಿರುಗಿದಾಗ ಬೆಂಚು ಒಂದು ಬದಿಗೆ ಮಲಗಿತ್ತು. ಅಕ್ಕ ಅದರ ಮೇಲೆ ಬಿದ್ದಿದ್ದಳು, ಎಡಗಾಲು ಅಡ್ಡಗಳದ ಅಡಿಗೆ ಸಿಕ್ಕಿಕೊಂಡಿತ್ತು. ಅವಳ ಸೀರೆಯ ಮೇಲೆಲ್ಲ ಹಿಟ್ಟು ಚೆಲ್ಲಿತ್ತು, ಗಿರಣಿಯಿಂದ ಬಂದವಳ ಹಾಗೆ.

ಅವಳು ಕೂಗಲಿಲ್ಲ, ಕೂಗಲು ಉಸಿರಿರಲಿಲ್ಲ. ಕಾಲು ಮೊಣಕಾಲಿನ ಕೆಳಗೆ ಸೊಟ್ಟಗಾಗಿತ್ತು. "ಎತ್ತು, ಎತ್ತು, ಆ ಹೊಸಾ ಬೆಂಚಿನ ಮೇಲೇ ಮಲಗ್ಸು" ಅಂದ ಚಾಚಾ. ಅಮ್ಮನವರ ಬೆಂಚಿನ ಮೇಲೆ, ಟೆಂಪೋದ ಹಿಂದೆ, ನನ್ನ ತೋಳಿಗೆ ಒರಗಿಸಿಕೊಂಡು ಅವಳನ್ನು ಶಿರಸಿಯ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಆ ಬೆಂಚು ಒಂದಿಷ್ಟೂ ಕಿರ್ ಅನ್ನಲಿಲ್ಲ. ಹೋಗುತ್ತಾ ನಾನು ಮಾಡಿದ್ದು ಒಂದೇ ಕೆಲಸ, ಅವಳ ಸೀರೆಯ ಮೇಲಿನ ಹಿಟ್ಟನ್ನು ಕೊಡವಿದ್ದು.

ಡಾಕ್ಟರು ಎಕ್ಸರೇ ನೋಡಿ, ವರ್ಷಗಟ್ಟಲೆ ದಮ್ಮಿನ ಮಾತ್ರೆ ತೆಗೆದುಕೊಂಡು ಎಲುಬು ಟೊಳ್ಳಾಗಿವೆ, ಇಂಥ ಎಲುಬು ಸುಮ್ಮನೆ ನಿಂತಲ್ಲೇ ಮುರಿಯಬಹುದು ಅಂದರು. ಅವರು ಹೇಳಿದ್ದು ನಿಜವೇ. ನನಗೆ ಅದು ಅಡಗಿಕೊಳ್ಳಲು ಸಿಕ್ಕ ಜಾಗವಾಯಿತು.

"ಅಂದ್ರೆ ಮೊದಲು ಎಲುಬು ಮುರೀತು, ಅದಕ್ಕೇ ಬಿದ್ರು, ಹೌದಾ?" ಚಾಚಾ ವರಾಂಡದಲ್ಲಿ ಕೇಳಿದ. "ನಾನು ಸೀಟ್ ಮುರೀತು ಅಂದ್ಕೊಂಡೆ."

"ಬಿದ್ದ ಭಾರಕ್ಕ ಸೀಟ್ ಮುರೀತು" ಅಂದೆ.

ಅವನು ತಲೆಯಾಡಿಸಿದ. ಮಂಚದ ಮೇಲಿದ್ದ ಅಕ್ಕನಿಗೆ ನಮ್ಮ ಮಾತು ಕೇಳಿಸುವಷ್ಟು ಹತ್ತಿರದಲ್ಲೇ ನಾವು ನಿಂತಿದ್ದೆವು.

ಹೆಂಡತಿಯನ್ನು ಅವಳ ಹತ್ತಿರ ಬಿಟ್ಟು ಅದೇ ಸಂಜೆ ಬಸ್ಸಿಗೆ ಮನೆಗೆ ಬಂದೆ. ಮುರಿದ ಬೆಂಚು ಅಂಗಳದಲ್ಲಿ ಹಾಗೇ ಬಿದ್ದಿತ್ತು. ಅದರ ಕಾಲನ್ನು ಮಚ್ಚಿನಿಂದ ಸೀಳಿದಾಗ ಒಳಗೆ ಬಿದಿರೇ ಇರಲಿಲ್ಲ. ಹೊರಗಿನ ಹೊಳೆಯುವ ಸಿಪ್ಪೆ ಇತ್ತು, ಒಳಗೆ ಹಿಟ್ಟು ತುಂಬಿತ್ತು. ಯಾರಾದರೂ ಬಂದು ನೋಡುವ ಮೊದಲು ಎಲ್ಲವನ್ನೂ ತುಂಡು ಮಾಡಿ ಒಲೆಯ ಪಕ್ಕ ಒಟ್ಟಿದೆ. ಮೊಣಕೈ ಊರುವ ಜಾಗಕ್ಕೆ ಸುತ್ತಿದ್ದ ಸೀರೆಯ ತುಂಡನ್ನೂ ಬಿಡಲಿಲ್ಲ.

ಕಾಲಿಗೆ ಪಟ್ಟಿ ಹಾಕಿಸಿಕೊಂಡು ಅಕ್ಕ ಮನೆಗೆ ಬಂದಾಗ ಮಳೆ ಹಿಡಿದಿತ್ತು. ಅಂಗಳದಲ್ಲಿ ಕೂರುವ ಮಾತೇ ಇರಲಿಲ್ಲ. ಒಳಗೆ, ಒಲೆ ಕಾಣುವ ಹಾಗೆ, ಗೋಡೆಗೆ ಗೋಣಿಚೀಲ ಒಟ್ಟಿ ಒರಗಿಸಿದೆವು. ಅವಳಿಗೆ ಒರಗುವುದು ಆಗುತ್ತಿರಲಿಲ್ಲ, ಬಾಗುವುದು ಬೇಕಿತ್ತು. ಬಾಗಿದರೆ ಕಾಲು ನೋಯುತ್ತಿತ್ತು. ಹೊರಗಿನ ಸೌದೆಯೆಲ್ಲ ಒದ್ದೆ. ಒಣಗಿದ್ದು ಅಂದರೆ ಒಲೆಯ ಪಕ್ಕ ನಾನು ಒಟ್ಟಿದ್ದ ಆ ಬೆಂಚಿನ ತುಂಡುಗಳು. ಹೆಂಡತಿ ಏನೂ ಅರಿಯದೆ ಅದನ್ನೇ ಒಲೆಗೆ ಹಾಕುತ್ತಿದ್ದಳು. ಮಳೆಯ ಗಾಳಿಗೆ ಹೊಗೆ ಮೇಲೆ ಏರದೆ ಕೋಣೆಯಲ್ಲೇ ಸುತ್ತುತ್ತಿತ್ತು. ನಾನು ಮಾಡಿದ ಬೆಂಚಿನ ಹೊಗೆಯನ್ನು ಅಕ್ಕ ಕುಡಿದಳು. ಬೇಡ, ಅದನ್ನು ಹಾಕಬೇಡ ಅಂತ ಹೆಂಡತಿಗೆ ಹೇಳಲು ನನಗೆ ಆಗಲಿಲ್ಲ. ಯಾಕೆ ಅಂತ ಅವಳು ಕೇಳುತ್ತಿದ್ದಳು.

ಆ ದಿನಗಳಲ್ಲಿ ಒಮ್ಮೆ ಹೊಸ ಗಳ ಸೀಳುತ್ತಾ ಅವಳ ಮುಂದೆ ಕೂತಿದ್ದೆ. ಅವಳು ಮಲಗಿದಲ್ಲಿಂದಲೇ ಕೈ ಚಾಚಿ ಗಳವನ್ನು ಗೆಣ್ಣಿನಿಂದ ಬಡಿದು ನೋಡಿದಳು. ಅವಳ ರೂಢಿ. ಆಗ ನನಗೆ ನೆನಪಾಯಿತು. ತನ್ನ ಬೆಂಚನ್ನು ಮೊದಮೊದಲು ಅವಳು ದಿನಾ ಬಡಿದು ನೋಡುತ್ತಿದ್ದಳು. ಶಿವರಾತ್ರಿಯ ಮೇಲೆ ಒಮ್ಮೆಯೂ ಬಡಿದದ್ದನ್ನು ನಾನು ಕಂಡಿಲ್ಲ. ಬಡಿದರೆ ಟೊಳ್ಳು ಸದ್ದು ಬರುತ್ತಿತ್ತು. ನಾನು ಕೇಳಿಸಿಕೊಳ್ಳಬೇಕಾಗುತ್ತಿತ್ತು. ಅಷ್ಟು ದಿನ ಅವಳು ಗೊತ್ತಿದ್ದೂ ಕೂತಿದ್ದಳು. ನಾನು ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ಕಾದಳೋ ಏನೋ, ಅದು ನನಗೆ ಗೊತ್ತಿಲ್ಲ.

ಆಷಾಢದಲ್ಲಿ ಒಂದು ಮಧ್ಯಾಹ್ನ ಮಳೆ ನಿಂತು ಬಿಸಿಲು ಬಂತು. "ಹೊರಗ ಒಯ್ಯೋ" ಅಂದಳು. ಎದೆಯಲ್ಲಿ ಕಫ ಕಟ್ಟಿ, ಎರಡು ಮಾತಿಗೊಮ್ಮೆ ನಿಲ್ಲುತ್ತಿದ್ದಳು. ನಾನೂ ಹೆಂಡತಿಯೂ ಎತ್ತಿಕೊಂಡು ಹೋಗಿ, ಅಂಗಳದಲ್ಲಿ ಬೆಂಚು ಇದ್ದ ಜಾಗದಲ್ಲೇ ಹಲಗೆ ಹಾಕಿ, ಮೇಲೆ ಚಾಪೆ ಹಾಸಿ ಕೂರಿಸಿದೆವು. ಪಟ್ಟಿ ಹಾಕಿದ ಕಾಲನ್ನು ಒಂದು ಪಕ್ಕಕ್ಕೆ ಚಾಚಿದೆವು. ಮೊಣಕೈ ಊರಲು ಏನೂ ಇರಲಿಲ್ಲ. ನಾನು ಅವಳ ಮುಂದೆ, ಅವಳಿಗೆ ಬೆನ್ನು ಮಾಡಿ ಕೂತೆ. ಅವಳು ಎರಡೂ ಕೈಗಳನ್ನು ನನ್ನ ಭುಜದ ಮೇಲೆ ಹಾಕಿ, ಎದೆಯನ್ನು ನನ್ನ ಬೆನ್ನಿಗೆ ಆನಿಸಿ ಬಾಗಿದಳು. ಹೆಂಡತಿ ಒಳಗೆ ಹೋದಳು.

ಅವಳ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಎದೆಯೊಳಗಿನ ಕರಕರ ಸದ್ದು ನನ್ನ ಬೆನ್ನಿಗೆ ಕೇಳುತ್ತಿತ್ತು. ನನ್ನ ಮುಖ ಅವಳಿಗೆ ಕಾಣುತ್ತಿರಲಿಲ್ಲ, ಅವಳದು ನನಗೆ ಕಾಣುತ್ತಿರಲಿಲ್ಲ. ಹೇಳುವುದಾದರೆ ಈಗ ಹೇಳಬಹುದು ಅನಿಸಿತು.

"ಅಕ್ಕಾ, ಆ ಬೆಂಚು…" ಅಂದೆ. ಅಳು ಬಂದು ಭುಜ ನಡುಗಿತು.

"ಅಲ್ಲಾಡಬ್ಯಾಡೋ" ಅಂದಳು.

ಅಷ್ಟೇ ಅಂದಳು. ನಾನು ಬಾಯಿ ಮುಚ್ಚಿದೆ. ಹೇಳಬೇಡ ಅಂದಳು ಅಂತ ಬಹಳ ವರ್ಷ ಅಂದುಕೊಂಡೆ. ಅವಳಿಗೆ ಎಲ್ಲ ಗೊತ್ತಿತ್ತು, ಕ್ಷಮಿಸಿದಳು ಅಂತಲೂ ಅಂದುಕೊಂಡೆ. ಹಾಗೆ ಅಂದುಕೊಂಡರೆ ಊಟ ಇಳಿಯುತ್ತದೆ, ನಿದ್ದೆ ಬರುತ್ತದೆ. ಆದರೆ ಅವಳು ಹಾಗೆ ಅನ್ನಲಿಲ್ಲ. ಊರಿದ ಜಾಗ ಅಲ್ಲಾಡಿದರೆ ಉಸಿರು ತಪ್ಪುತ್ತದೆ, ಅದಕ್ಕೆ ಅಲ್ಲಾಡಬೇಡ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ಅಳು ತಡೆದುಕೊಂಡು, ಮೈ ಬಿಗಿಹಿಡಿದು ನಾನು ಹೇಳಬಹುದಿತ್ತು. ಅವಳು ಬಹಳ ಹೊತ್ತು ಹಾಗೇ ಇದ್ದಳು. ನಾನು ಸಿಕ್ಕ ಮಾತನ್ನು ಹಿಡಿದುಕೊಂಡು ಸುಮ್ಮನೆ ಕೂತುಬಿಟ್ಟೆ.

ಮೋಡ ಕವಿಯುವವರೆಗೆ ಅಲ್ಲಿದ್ದೆವು. ಆ ವಾರ ಕಳೆಯುವ ಮೊದಲೇ ಅವಳು ಹೋದಳು. ಕೆರೆಯಲ್ಲಿ ಉಳಿದಿದ್ದ ನೆನೆದ ಬಿದಿರನ್ನು ತಂದು, ಅವಳನ್ನು ಒಯ್ಯುವ ಚಟ್ಟ ನಾನೇ ಕಟ್ಟಿದೆ.